ಅಪ್ಪ ಹತ್ತಿದ ಬೆಟ್ಟ

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಬಸ್ಸಿದೆ. ಆದ್ರೂ ಬೆಳಗ್ಗೆ 6ಕ್ಕೆ ಪಾದದ ಹತ್ತಿರ ನಿಂತು ನೋಡಿ, ಮೆಟ್ಟಿಲು ಹತ್ತೋ ನರೆಗೂದಲಿನವರು ಎಷ್ಟೊಂದು ಜನ!

ನಮ್ಮಪ್ಪನೂ ಅವರಲ್ಲೊಬ್ರು. ವಯಸ್ಸು 62, ಶುಗರ್ ಇದೆ, ತೂಕ 84 ಕೆ.ಜಿ. ಇತ್ತು. ತಾತ ಹೃದಯಾಘಾತದಿಂದ ತೀರಿಕೊಂಡಿದ್ದು ಇದೇ ವಯಸ್ಸಲ್ಲಿ. ಡಾಕ್ಟರ್ ಒಪ್ಪಿದ ಮೇಲೆ ಅಪ್ಪ ಮೊದಲ ವಾರ 100 ಮೆಟ್ಟಿಲು ಹತ್ತಿದ್ರು. ಆಮೇಲೆ ವಾರಕ್ಕೆ 50 ಸೇರಿಸಿದ್ರು. ಮಾತಾಡೋಕಾಗದಷ್ಟು ಏದುಸಿರು ಬಂದ್ರೆ ಕೂತು ಸುಧಾರಿಸ್ಕೊಳ್ಳೋದು.

17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕೆತ್ತಿಸಿದ ಏಕಶಿಲಾ ನಂದಿ ಇರೋದು ಸುಮಾರು 700ನೇ ಮೆಟ್ಟಿಲ ಹತ್ತಿರ. ಅಲ್ಲಿಗೆ ತಲುಪೋಕೆ 3 ತಿಂಗಳು, ಮೇಲಿನ ಗುಡಿ ಮುಟ್ಟೋಕೆ 5 ತಿಂಗಳು ಹಿಡೀತು. ಇಳಿಯುವಾಗ ಮಂಡಿಗೆ ಹೊರೆ ಜಾಸ್ತಿ, ಹಾಗಾಗಿ ಮೇಲಿಂದ ಬಸ್ಸಲ್ಲೇ ವಾಪಸ್. ಈಗ ತೂಕ 79.

ಮೈಸೂರಿಗೆ ಬಂದಾಗ ಅಪ್ಪ-ಅಮ್ಮನ್ನೂ ಕರ್ಕೊಂಡು ಬನ್ನಿ, ಅವರಿಗೆ ಸಾಧ್ಯವಾದಷ್ಟು ಮೆಟ್ಟಿಲು ಸಾಕು.