ಅನ್ನದ ಕಾವಲೂ ಗಡಿಯ ಕಾವಲೂ

ನೇಗಿಲಿಗೂ ಕತ್ತಿಗೂ ಸಹಜವೈರವುಂಟೆಂದು ಲೋಕದಲ್ಲಿ ಒಂದು ಮಾತು ನಡೆದುಬಂದಿದೆ. ಸೇನೆಗೆ ವೆಚ್ಚಮಾಡಿದ ಹಣವು ಹೊಲದಿಂದ ಕಸಿದುಕೊಂಡದ್ದೆಂದು ಕೆಲವರು ಹೇಳುವರು. ಹೊಲಕ್ಕೆ ಸುರಿದ ಹಣದಿಂದ ಗಡಿಯು ದುರ್ಬಲವಾಯಿತೆಂದು ಮತ್ತೆ ಕೆಲವರು ಹೇಳುವರು. ಸರ್ಕಾರದ ಆಯವ್ಯಯವು ಪ್ರಕಟವಾದಾಗಲೆಲ್ಲ ಈ ವಾದವು ಹೊಸದಾಗಿ ಹುಟ್ಟುವುದುಂಟು. ಆದರೆ ಪ್ರಾಚೀನ ರಾಜನೀತಿಜ್ಞರು ಇವೆರಡನ್ನೂ ಒಂದೇ ಸರಪಣಿಯ ಕೊಂಡಿಗಳೆಂದು ಭಾವಿಸಿದ್ದರು.

ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ದೊರೆತ ಓಲೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು ಕನ್ನಡಿಗರಿಗೆ ವಿಶೇಷವಾಗಿ ಪರಿಚಿತವಾಗಿರತಕ್ಕ ಗ್ರಂಥ. ರಾಜ್ಯಕ್ಕೆ ಏಳು ಅಂಗಗಳನ್ನು ಹೇಳುವಲ್ಲಿ ಕೌಟಿಲ್ಯನು ಜನಪದವನ್ನು ಮೂರನೆಯದಾಗಿಯೂ ದಂಡವನ್ನು, ಅಂದರೆ ಸೇನೆಯನ್ನು, ಆರನೆಯದಾಗಿಯೂ ಇಟ್ಟಿದ್ದಾನೆ. ಕೋಟೆಗೆ ಬಂದ ಕೇಡು ದೊಡ್ಡದೋ ನಾಡಿಗೆ ಬಂದ ಕೇಡು ದೊಡ್ಡದೋ ಎಂಬ ಪ್ರಶ್ನೆಯನ್ನೆತ್ತಿ, ಕೋಟೆ ಬೊಕ್ಕಸ ಸೇನೆಗಳೆಲ್ಲಕ್ಕೂ ನಾಡೇ ಮೂಲವಾದುದರಿಂದ ನಾಡಿನ ಕೇಡೇ ದೊಡ್ಡದೆಂದು ತೀರ್ಮಾನಿಸಿದ್ದಾನೆ. ಕಣಜದ ಅಧಿಕಾರಿಗೆ ಅವನು ವಿಧಿಸಿರುವ ನಿಯಮವಂತೂ ಇಂದಿಗೂ ಮನನಮಾಡತಕ್ಕದ್ದು: ಸಂಗ್ರಹಿಸಿದುದರಲ್ಲಿ ಅರ್ಧವನ್ನು ಜನರ ಆಪತ್ಕಾಲಕ್ಕೆಂದು ಮುಟ್ಟದೆ ಇಡಬೇಕು; ಉಳಿದರ್ಧವನ್ನು ಬಳಸಬೇಕು; ಹೊಸ ಧಾನ್ಯ ಬಂದಂತೆ ಹಳೆಯದನ್ನು ತೆಗೆಯುತ್ತಿರಬೇಕು.

ಸ್ವತಂತ್ರ ಭಾರತದಲ್ಲಿ ಈ ಎರಡು ಭಾರಗಳು ಇಬ್ಬರು ಮಂತ್ರಿಗಳ ಪಾಲಿಗೆ ಬಂದಿವೆ. ಇವುಗಳ ಸ್ವಭಾವದಲ್ಲಿರುವ ಭೇದವು ಸಾಮಾನ್ಯವಾಗಿ ಗಮನಕ್ಕೆ ಬಾರದು. ದೇಶರಕ್ಷಣೆಯು ಸಂವಿಧಾನದ ಕೇಂದ್ರಪಟ್ಟಿಯಲ್ಲಿ ಮೊಟ್ಟಮೊದಲ ವಿಷಯ. ಅದರಲ್ಲಿ ಕೇಂದ್ರ ಸರ್ಕಾರದ ಮಾತೇ ಕಡೆಯದು. ವ್ಯವಸಾಯವಾದರೋ ರಾಜ್ಯಗಳ ಪಟ್ಟಿಗೆ ಸೇರಿದ್ದು. ಕೇಂದ್ರದ ವ್ಯವಸಾಯ ಮಂತ್ರಿಗೆ ಉಳಲು ಒಂದು ಗುಂಟೆ ನೆಲವೂ ಇಲ್ಲ. ಆಜ್ಞೆಮಾಡಲು ಒಬ್ಬ ರೈತನೂ ಇಲ್ಲ. ಬೀಜ, ಗೊಬ್ಬರ, ಬೆಲೆ, ಸಂಗ್ರಹ, ಸಾಗಾಣಿಕೆ, ಸಂಶೋಧನೆ ಇವಿಷ್ಟೇ ಅವನ ಕೈಗೆಟಕುವ ಉಪಾಯಗಳು. ಮುಂಗಾರು ಅವನ ಅಧೀನದಲ್ಲಿಲ್ಲ. ಆದರೂ ಮಳೆ ತಪ್ಪಿದ ವರ್ಷ ಸಂಸತ್ತಿನಲ್ಲಿ ಎದ್ದುನಿಂತು ಉತ್ತರ ಹೇಳಬೇಕಾದವನು ಅವನೇ. ಕೀರ್ತಿಯಲ್ಲಿಯೂ ಹೀಗೆಯೇ ತಾರತಮ್ಯವುಂಟು. ಗೆದ್ದ ಯುದ್ಧಕ್ಕೆ ದಿನವೂ ತಿಥಿಯೂ ಇರುತ್ತವೆ. ಬಾರದೆಹೋದ ಕ್ಷಾಮಕ್ಕೆ ಯಾವ ತಿಥಿಯೂ ಇಲ್ಲ. ಅದನ್ನು ತಡೆದವರ ಹೆಸರನ್ನು ಯಾರೂ ಕೇಳುವುದಿಲ್ಲ.

ಈ ಎರಡು ಖಾತೆಗಳನ್ನೂ ಬೇರೆ ಬೇರೆ ಕಾಲದಲ್ಲಿ ವಹಿಸಿದವರು ಕೆಲವರುಂಟು. ಸರ್ದಾರ್ ಸ್ವರಣಸಿಂಗರು, ಸಿ. ಸುಬ್ರಹ್ಮಣ್ಯಂರವರು, ಶರದ್ ಪವಾರರು ಈ ಸಾಲಿನವರು. 2003ರಲ್ಲಿ ವ್ಯವಸಾಯ ಮಂತ್ರಿಗಳಾದ ರಾಜನಾಥಸಿಂಗರು 2019ರಲ್ಲಿ ರಕ್ಷಣಾ ಖಾತೆಯನ್ನು ವಹಿಸಿಕೊಂಡರು. ಆದರೆ ಹೊಲದಿಂದ ಗಡಿಗೆ ಎರಡು ಬಾರಿಯೂ ಗಡಿಯಿಂದ ಹೊಲಕ್ಕೆ ಒಂದು ಬಾರಿಯೂ ನಡೆದು, ಎರಡು ಭಾರಗಳನ್ನೂ ಸಂಕಟದ ಕಾಲದಲ್ಲಿಯೇ ಹೊತ್ತವರು ಬಾಬು ಜಗಜೀವನರಾಮರು. ಅವರು 1967ರಿಂದ 1970ರವರೆಗೆ ಆಹಾರ ಮತ್ತು ವ್ಯವಸಾಯದ ಮಂತ್ರಿಗಳು. 1970ರಿಂದ 1974ರವರೆಗೆ ರಕ್ಷಣಾ ಮಂತ್ರಿಗಳು. 1974ರಿಂದ 1977ರ ಆರಂಭದವರೆಗೆ ಮರಳಿ ವ್ಯವಸಾಯ. 1977ರಿಂದ 1979ರವರೆಗೆ ಮರಳಿ ರಕ್ಷಣೆ.

ಬಿಹಾರದ ಆರಾ ಪಟ್ಟಣದ ಸಮೀಪದಲ್ಲಿರುವ ಚಂದವಾ ಗ್ರಾಮದಲ್ಲಿ 1908ನೆಯ ಏಪ್ರಿಲ್ 5ರಂದು ಅವರು ಜನಿಸಿದರು. ತಂದೆ ಶೋಭಿರಾಮರು ಬ್ರಿಟಿಷ್ ಸೈನ್ಯದಲ್ಲಿ ಪೇಶಾವರದಲ್ಲಿದ್ದವರು. ಆ ಕೆಲಸವನ್ನು ಬಿಟ್ಟು ಊರಿಗೆ ಬಂದು, ಜಮೀನು ಕೊಂಡು, ಬೇಸಾಯಕ್ಕೆ ತೊಡಗಿದರು. ಹೀಗೆ ಸೈನಿಕವೃತ್ತಿಯೂ ಕೃಷಿವೃತ್ತಿಯೂ ಅವರ ಮನೆಯಲ್ಲಿಯೇ ಕೂಡಿದ್ದುವು. ಆದರೆ ಈ ಎರಡರಲ್ಲಿ ಯಾವುದೂ ಆ ಮನೆಯ ಮಗನಿಗೆ ಶಾಲೆಯಲ್ಲಿ ಒಂದು ಗುಟುಕು ನೀರನ್ನು ಮಾನದಿಂದ ದೊರಕಿಸಲಿಲ್ಲ. ಆರಾ ಪಟ್ಟಣದ ಶಾಲೆಯಲ್ಲಿ ಹಿಂದೂ ಬಾಲಕರಿಗೊಂದು, ಮುಸಲ್ಮಾನ ಬಾಲಕರಿಗೊಂದು ನೀರಿನ ಕೊಡಗಳಿದ್ದುವು. ಚಮ್ಮಾರ ಕುಲದ ಈ ಹುಡುಗನು ಹಿಂದೂಗಳ ಕೊಡದಿಂದ ನೀರು ಕುಡಿದನೆಂದು ಅವನಂಥವರಿಗಾಗಿ ಮೂರನೆಯ ಕೊಡವೊಂದನ್ನು ಇಟ್ಟರು. ಹುಡುಗನು ಅದನ್ನು ಒಡೆದನು. ಮತ್ತೊಂದನ್ನು ಇಡಲು ಅದನ್ನೂ ಒಡೆದನು. ಆ ಮೇಲೆ ಶಾಲೆಯ ಮುಖ್ಯಸ್ಥರು ಬೇರೆ ಕೊಡವನ್ನಿಡುವ ಪದ್ಧತಿಯನ್ನೇ ಬಿಟ್ಟರು. ದೇಶದ ಅನ್ನಕ್ಕೂ ಆಯುಧಕ್ಕೂ ಮುಂದೆ ಕಾವಲಾದ ಪುರುಷನಿಗೆ ಬಾಲ್ಯದಲ್ಲಿ ಕುಡಿಯುವ ನೀರಿಗೆ ಇಷ್ಟು ಹೋರಾಟ ಬೇಕಾಯಿತೆಂಬುದನ್ನು ಓದುಬರಹ ಬಲ್ಲ ಕುಟುಂಬಗಳು ಮರೆಯಬಾರದು.

ಅವರು 1967ರಲ್ಲಿ ವ್ಯವಸಾಯದ ಭಾರವನ್ನು ಹೊತ್ತಾಗ ದೇಶದ ಸ್ಥಿತಿ ಹೇಗಿತ್ತೆಂಬುದನ್ನು ಅರಿಯಲು ಎರಡು ವರ್ಷ ಹಿಂದಕ್ಕೆ ಹೋಗಬೇಕು. 1964–65ರಲ್ಲಿ ಸುಮಾರು 8 ಕೋಟಿ 90 ಲಕ್ಷ ಟನ್ನಿದ್ದ ಧಾನ್ಯದ ಬೆಳೆಯು 1965–66ರಲ್ಲಿ ಅನಾವೃಷ್ಟಿಯಿಂದ 7 ಕೋಟಿ 20 ಲಕ್ಷ ಟನ್ನಿಗೆ ಇಳಿಯಿತು. ಮರುವರ್ಷವೂ ಮಳೆ ಕೈಕೊಟ್ಟು, ಜಗಜೀವನರಾಮರ ಬಿಹಾರದಲ್ಲಿಯೇ ಬರಗಾಲ ತಲೆದೋರಿತು. ಈ ನಡುವೆ 1965ರ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ ಪಾಕಿಸ್ತಾನದೊಡನೆ ಯುದ್ಧವೂ ನಡೆದಿತ್ತು. ಹೊಟ್ಟೆಯ ಕೊರತೆಯನ್ನು ಅಮೆರಿಕದ ಪಿ.ಎಲ್. 480 ಎಂಬ ಕಾನೂನಿನ ರಿಯಾಯಿತಿ ಗೋಧಿಯು ತುಂಬುತ್ತಿತ್ತು; 1966ರಲ್ಲಿ ಹೊರಗಿನಿಂದ ತರಿಸಿದ ಧಾನ್ಯವೇ ಸುಮಾರು 1 ಕೋಟಿ ಟನ್. ಬಂದರಿಗೆ ಹಡಗು ಮುಟ್ಟಿದರೆ ಪಡಿಯಂಗಡಿಯ ಬಾಗಿಲು ತೆರೆಯಬೇಕು, ಇಲ್ಲವಾದರೆ ಮುಚ್ಚಬೇಕು ಎಂಬಂತಾಗಿತ್ತು. ಅಮೆರಿಕದ ಅಧ್ಯಕ್ಷ ಜಾನ್ಸನ್ನರು ಈ ಗೋಧಿಯನ್ನು ದೀರ್ಘಕಾಲದ ಒಪ್ಪಂದದಿಂದಲ್ಲದೆ ಸ್ವಲ್ಪಸ್ವಲ್ಪವಾಗಿಯೇ ಬಿಡುಗಡೆ ಮಾಡತೊಡಗಿದರು. ಪರರ ಕಣಜದಿಂದ ಉಣ್ಣುವವನು ಪರರ ಮನಸ್ಸನ್ನೂ ನೋಡಿಕೊಳ್ಳಬೇಕಾಗುವುದು. ಗಡಿಯಲ್ಲಿ ಎಷ್ಟು ಫಿರಂಗಿಗಳಿದ್ದರೂ ಈ ಹಂಗಿನಿಂದ ಬಿಡುಗಡೆಯಿಲ್ಲ.

ಪ್ರಧಾನಿ ಲಾಲಬಹಾದುರ ಶಾಸ್ತ್ರಿಗಳು ಸೋಮವಾರದ ರಾತ್ರಿಯ ಊಟವನ್ನು ಬಿಡಿರೆಂದು ಜನರನ್ನು ಬೇಡಿಕೊಂಡದ್ದೂ, ಯೋಧನಿಗೂ ರೈತನಿಗೂ ಒಂದೇ ಉಸಿರಿನಲ್ಲಿ ಜಯವೆಂದು ಘೋಷಿಸಿದ್ದೂ ಈ ಸಂದರ್ಭದಲ್ಲಿಯೇ. ಅದು ಬರಿಯ ಘೋಷಣೆಯಾಗಿ ಉಳಿಯದಂತೆ ಮಾಡಿದವರು ಅಂದಿನ ಆಹಾರ ಮಂತ್ರಿ ಸುಬ್ರಹ್ಮಣ್ಯಂರವರು. ಆಹಾರ ನಿಗಮವೂ ವ್ಯವಸಾಯ ಬೆಲೆಗಳ ಆಯೋಗವೂ 1965ರಲ್ಲಿ ಹುಟ್ಟಿದುವು. 1966ರಲ್ಲಿ ಮೆಕ್ಸಿಕೋ ದೇಶದಿಂದ ಗಿಡ್ಡತಳಿಯ ಗೋಧಿಯ ಬೀಜವು 18,000 ಟನ್ ಬಂದಿಳಿಯಿತು. ಆದರೆ 1967ರ ಚುನಾವಣೆಯಲ್ಲಿ ಸುಬ್ರಹ್ಮಣ್ಯಂರವರು ಸೋತರು. ಬಿತ್ತಿದವರು ಒಬ್ಬರು, ಒಕ್ಕುವ ಕಾಲಕ್ಕೆ ಕಣದಲ್ಲಿ ನಿಂತವರು ಮತ್ತೊಬ್ಬರು.

ಹೀಗೆ ಬಂದ ಕಣದಲ್ಲಿ ಜಗಜೀವನರಾಮರಿಗೆ ಕೆಲಸವೇನೂ ಕಡಿಮೆಯಾಗಿರಲಿಲ್ಲ. ಪೂರ್ವಾಧಿಕಾರಿಯ ಕಾರ್ಯವನ್ನು ಉತ್ತರಾಧಿಕಾರಿಯು ತಲೆಕೆಳಗು ಮಾಡುವುದು ರಾಜಕೀಯದಲ್ಲಿ ಸಾಮಾನ್ಯ. ಇವರು ಅದನ್ನು ಮುಂದುವರಿಸಿದರು. ಬೆಳೆ ಹೆಚ್ಚಾದಾಗ ಬೆಲೆ ಬೀಳುವುದು. ಬೆಲೆ ಬಿದ್ದರೆ ರೈತನು ಮರುವರ್ಷ ಹೊಸ ಬೀಜವನ್ನು ಮುಟ್ಟನು. ಆದುದರಿಂದ ಸುಗ್ಗಿಗೆ ಮೊದಲೇ ಬೆಲೆಯನ್ನು ಸಾರಿ, ಆ ಬೆಲೆಗೆ ಸರ್ಕಾರವೇ ಕೊಳ್ಳುವ ಏರ್ಪಾಡು ಬೇಕು. ಕೊಂಡದ್ದನ್ನು ಇಡಲು ಉಗ್ರಾಣ ಬೇಕು. ಸಾಗಿಸಲು ರೈಲು ಬೇಕು. ರೈಲ್ವೆ ಖಾತೆಯನ್ನು ಹಿಂದೆ ವಹಿಸಿದ್ದ ಮಂತ್ರಿಗೆ ಇದರ ಮರ್ಮವು ತಿಳಿದಿತ್ತು. 1968ರ ಸುಗ್ಗಿಯಲ್ಲಿ ಪಂಜಾಬಿನ ಗೋಧಿಯನ್ನು ಇಡಲು ಸ್ಥಳ ಸಾಲದೆ ಶಾಲೆಗಳ ಕಟ್ಟಡಗಳಲ್ಲಿಯೂ ತುಂಬಿದರು. 1964–65ರಲ್ಲಿ ಸುಮಾರು 1 ಕೋಟಿ 23 ಲಕ್ಷ ಟನ್ನಿದ್ದ ಗೋಧಿಯು 1970–71ಕ್ಕೆ 2 ಕೋಟಿ 38 ಲಕ್ಷ ಟನ್ನಾಯಿತು. ಒಟ್ಟು ಧಾನ್ಯವು 10 ಕೋಟಿ 80 ಲಕ್ಷ ಟನ್ನನ್ನು ಮುಟ್ಟಿತು.

1970ರ ಜೂನ್ ತಿಂಗಳಲ್ಲಿ ಅವರು ರಕ್ಷಣಾ ಖಾತೆಗೆ ಬಂದರು. ವರ್ಷವೊಂದು ತುಂಬುವುದರೊಳಗೆ ಪೂರ್ವಬಂಗಾಳದಲ್ಲಿ ಪಾಕಿಸ್ತಾನಿ ಸೇನೆಯ ದೌರ್ಜನ್ಯ ಆರಂಭವಾಗಿ, ನಿರಾಶ್ರಿತರು ಪ್ರವಾಹದಂತೆ ಹರಿದುಬಂದರು. 1971ರ ಏಪ್ರಿಲ್ ತಿಂಗಳಲ್ಲಿ ನಡೆದ ಮಂತ್ರಿಗಳ ಸಭೆಯೊಂದರ ವೃತ್ತಾಂತವನ್ನು ಸೇನಾಮುಖ್ಯಸ್ಥರಾಗಿದ್ದ ಮಾನೆಕ್‌ಷಾರವರು ಮುಂದೆ ಹೇಳಿಕೊಂಡದ್ದುಂಟು. ಕೂಡಲೇ ಯುದ್ಧಕ್ಕೆ ಹೊರಡಬಾರದೆಂಬುದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಬಂಗಾಳದ ಮಳೆಗಾಲವೊಂದು. ಹಿಮಾಲಯದ ಕಣಿವೆಗಳು ತೆರೆದಿದ್ದು ಚೀನರ ಭಯವಿದ್ದುದೊಂದು. ಇನ್ನೊಂದು ಕಾರಣವು ಸುಗ್ಗಿ. ಪಂಜಾಬ ಉತ್ತರಪ್ರದೇಶಗಳಲ್ಲಿ ಗೋಧಿಯ ಕೊಯ್ಲು ನಡೆಯುತ್ತಿದೆ; ಸೇನೆಯನ್ನು ಸಾಗಿಸಲು ರಸ್ತೆಗಳೂ ರೈಲುಬಂಡಿಗಳೂ ಎಲ್ಲವೂ ಬೇಕಾಗುವುವು; ಧಾನ್ಯವು ಬಿದ್ದಲ್ಲಿಯೇ ಕೊಳೆಯುವುದು; ಕ್ಷಾಮ ಬಂದರೆ ವ್ಯವಸಾಯ ಮಂತ್ರಿಗಳೇ ಅಪವಾದಕ್ಕೆ ಗುರಿಯಾಗುವರು ಎಂದು ಅವರು ಆ ಸಭೆಯಲ್ಲಿದ್ದ ಫಕ್ರುದ್ದೀನ ಅಲಿ ಅಹಮದರನ್ನು ಎಚ್ಚರಿಸಿದರಂತೆ. ಆ ಸಂಭಾಷಣೆಯ ವಿವರಗಳಲ್ಲಿ ಚರಿತ್ರಕಾರರಿಗೆ ಭಿನ್ನಾಭಿಪ್ರಾಯವುಂಟು. ಆದರೂ ಒಂದೇ ಬಂಡಿಯಲ್ಲಿ ಗೋಧಿಯೂ ಗುಂಡೂ ಏಕಕಾಲದಲ್ಲಿ ಸಾಗಲಾರವೆಂಬುದು ನಿರ್ವಿವಾದ. ಹಿಂದಿನ ವರ್ಷದವರೆಗೆ ಗೋಧಿಯ ಬಂಡಿಗೆ ಕಾವಲಿದ್ದವರು ಆ ವರ್ಷ ಗುಂಡಿನ ಬಂಡಿಗೆ ಕಾವಲಾಗಿದ್ದರು. ಈ ಮಾತಿನ ತೂಕವನ್ನು ಅವರಷ್ಟು ಚೆನ್ನಾಗಿ ಬಲ್ಲವರು ವಿರಳ.

ನಿರಾಶ್ರಿತರ ಸಂಖ್ಯೆಯು ಸುಮಾರು 1 ಕೋಟಿಗೆ ಏರಿತು. ಅಷ್ಟು ಜನರಿಗೆ ತಿಂಗಳುಗಟ್ಟಲೆ ಅನ್ನವಿಕ್ಕುತ್ತ ಯುದ್ಧಸನ್ನಾಹವನ್ನೂ ಮಾಡುವುದು 1966ರ ಭಾರತಕ್ಕೆ ಸಾಧ್ಯವಿರಲಿಲ್ಲ. ಡಿಸೆಂಬರ್ 3ರಂದು ಆರಂಭವಾದ ಯುದ್ಧವು 16ರಂದು ಢಾಕಾದಲ್ಲಿ ಮುಗಿಯಿತು. ಸುಮಾರು 93,000 ಮಂದಿ ಸೆರೆಯಾದರು. ಆ ಯುದ್ಧದಲ್ಲಿ ಅಮೆರಿಕವು ಪಾಕಿಸ್ತಾನದ ಪಕ್ಷಕ್ಕೆ ವಾಲಿ, ಬಂಗಾಳಕೊಲ್ಲಿಗೆ ಯುದ್ಧನೌಕೆಗಳನ್ನು ಕಳುಹಿಸಿದ್ದು ಸರ್ವವಿದಿತ. ಐದು ವರ್ಷ ಮೊದಲಾಗಿದ್ದರೆ ನೌಕೆಯನ್ನು ಕಳುಹಿಸುವ ಶ್ರಮವೇ ಅವರಿಗೆ ಬೇಕಿರಲಿಲ್ಲ. ಗೋಧಿಯ ಹಡಗನ್ನು ನಿಲ್ಲಿಸಿದ್ದರೆ ಸಾಕಾಗಿತ್ತು. ಆಪತ್ಕಾಲಕ್ಕೆಂದು ಅರ್ಧವನ್ನು ಮುಟ್ಟದೆ ಇಡೆಂದು ಕೌಟಿಲ್ಯನು ಹೇಳಿದ್ದರ ಫಲವು ಇದು. ವಿಜಯದ ಕೀರ್ತಿಯಲ್ಲಿ ಬಹುಭಾಗವು ಪ್ರಧಾನಿಗೂ ಸೇನಾಪತಿಗಳಿಗೂ ಸಂದಿತು, ಅದು ನ್ಯಾಯವೇ. ಉಗ್ರಾಣಗಳಿಗೆ ಸಲ್ಲಬೇಕಾದ ಪಾಲನ್ನು ಮಾತ್ರ ಯಾರೂ ಎಣಿಸಲಿಲ್ಲ.

ಗುಣವನ್ನು ಹೇಳುವಾಗ ದೋಷವನ್ನು ಮುಚ್ಚುವುದು ಶಾಸ್ತ್ರಸಮ್ಮತವಲ್ಲ. ಅವರು ಎರಡನೆಯ ಬಾರಿ ವ್ಯವಸಾಯ ಮಂತ್ರಿಗಳಾಗಿದ್ದಾಗಲೇ, 1975ರಲ್ಲಿ, ತುರ್ತುಪರಿಸ್ಥಿತಿಗೆ ಒಪ್ಪಿಗೆ ಬೇಡುವ ನಿರ್ಣಯವನ್ನು ಲೋಕಸಭೆಯಲ್ಲಿ ಮಂಡಿಸಿದರು. ಆ ವರ್ಷ ಮಳೆಯೂ ಒದಗಿ 12 ಕೋಟಿ ಟನ್ನಿಗೂ ಮೀರಿ ಧಾನ್ಯ ಬೆಳೆಯಿತು. ಆದರೆ ಜನರ ಬಾಯಿ ಕಟ್ಟಿದ ಕಾಲದಲ್ಲಿ ಹೊಟ್ಟೆ ತುಂಬಿತೆಂಬುದು ಸಮಾಧಾನವಾಗಲಾರದು. 1977ರ ಫೆಬ್ರವರಿಯಲ್ಲಿ ಅವರು ರಾಜೀನಾಮೆಯಿತ್ತು ಹೊರಬಂದರು; ಚುನಾವಣೆಯ ತರುವಾಯ ಹೊಸ ಸರ್ಕಾರದಲ್ಲಿ ಮರಳಿ ರಕ್ಷಣಾ ಮಂತ್ರಿಗಳಾದರು. ಹೊರಬಂದದ್ದು ತಡವಾಯಿತೆಂಬವರೂ ಉಂಟು, ಬಂದದ್ದರಿಂದಲೇ ಜನಮತವು ತಿರುಗಿತೆಂಬವರೂ ಉಂಟು.

ಅದಕ್ಕಿಂತ ಗಂಭೀರವಾದ ಪ್ರಶ್ನೆ ಬೇರೊಂದಿದೆ. ಹೊಸ ಗೋಧಿಯ ಭಾಗ್ಯವು ನೀರೂ ಬಂಡವಾಳವೂ ಇದ್ದ ಸೀಮೆಗಳಿಗೆ ಮೊದಲು ಬಂದಿತು. ಬಯಲುಸೀಮೆಯ ರಾಗಿ ಜೋಳಗಳ ಒಕ್ಕಲಿಗನು ಆಕಾಶವನ್ನೇ ನೋಡುತ್ತ ಉಳಿದನು. ಪರರ ಹೊಲದಲ್ಲಿ ಬಿತ್ತಿ ಕೊಯ್ದು, ಕೂಲಿಯ ಸೇರನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವ ಭೂಹೀನರಂತೂ ಎಲ್ಲರಿಗಿಂತ ಹಿಂದೆ ಉಳಿದರು. ಜಗಜೀವನರಾಮರು ಹುಟ್ಟಿದ ಸಮಾಜದಲ್ಲಿ ಬಹುಸಂಖ್ಯಾತರು ಇಂಥವರೇ. ಅಂಥ ಸಮಾಜದ ಪುತ್ರನೊಬ್ಬನು ದೇಶದ ಕಣಜಕ್ಕೆ ಅಧಿಪತಿಯಾದದ್ದು ದೊಡ್ಡ ಸಂಗತಿ. ಕಣಜ ತುಂಬಿದ ಮೇಲೆಯೂ ತುಂಬಿಸಿದವರ ಮಡಕೆ ತುಂಬಲಿಲ್ಲವೆಂಬುದು ಅಷ್ಟೇ ದೊಡ್ಡ ಸಂಗತಿ. ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮರೆತರೆ ಇತಿಹಾಸಕ್ಕೆ ಅನ್ಯಾಯ ಮಾಡಿದಂತೆಯೇ ಸರಿ.

ಗಡಿಯಲ್ಲಿ ನಿಂತ ಸೈನಿಕರಲ್ಲಿ ಬಹುಮಂದಿ ಹಳ್ಳಿಯ ಮನೆಗಳಿಂದ ಹೋದವರು. ಒಬ್ಬ ಮಗನು ಉಳುವನು, ಮತ್ತೊಬ್ಬನು ಕಾಯುವನು, ತಾಯಿಯೊಬ್ಬಳೇ. ಮಳೆ ತಪ್ಪಿದ ಸುದ್ದಿ ಊರಿನಿಂದ ಬಂದರೆ ಬಂದೂಕು ಹಿಡಿದವನ ಚಿತ್ತವು ಸ್ವಸ್ಥವಾಗಿರಲಾರದು. ಆಯವ್ಯಯದ ಪುಟಗಳಲ್ಲಿ ಈ ಎರಡು ಖಾತೆಗಳು ಬೇರೆಯಾಗಿದ್ದರೂ ಆ ಮನೆಯಲ್ಲಿ ಅವು ಬೇರೆಯಲ್ಲ. ಆದಕಾರಣ ರಕ್ಷಣಾ ಮಂತ್ರಿಯಾಗುವವನು ಉಗ್ರಾಣದ ಲೆಕ್ಕವನ್ನೂ, ವ್ಯವಸಾಯ ಮಂತ್ರಿಯಾಗುವವನು ಗಡಿಯ ಲೆಕ್ಕವನ್ನೂ ತಿಳಿದಿರಬೇಕು. ಮತ ಕೊಡುವ ಪ್ರಜೆಯು ಇಬ್ಬರನ್ನೂ ಈ ಲೆಕ್ಕವನ್ನು ಕೇಳಬೇಕು. ಜಗಜೀವನರಾಮರು 1986ರ ಜುಲೈ 6ರಂದು ತೀರಿಕೊಂಡರು. ವಿಜಯದ ದಿನವನ್ನು ದೇಶವು ಪ್ರತಿವರ್ಷವೂ ಡಿಸೆಂಬರಿನಲ್ಲಿ ಆಚರಿಸುತ್ತದೆ. ಆ ದಿನ ಯೋಧರನ್ನು ನೆನೆಯುವವರು, ಅದಕ್ಕೆ ಮೊದಲಿನ ನಾಲ್ಕು ಸುಗ್ಗಿಗಳನ್ನೂ ಅವುಗಳಲ್ಲಿ ಕೂಲಿಗೆ ಕೊಯ್ದ ಕೈಗಳನ್ನೂ ನೆನೆದರೆ, ಸಲ್ಲಬೇಕಾದವರಿಗೆ ಸಲ್ಲಬೇಕಾದುದು ಸ್ವಲ್ಪವಾದರೂ ಸಂದಂತಾಗುವುದು.