ಗೋಡೆಯೊಳಗಿನ ತಂತಿ

ಹಳೆಯ ಮನೆಯನ್ನು ಕೊಂಡವನಿಗೆ ಅದರ ಹಿಂದಿನ ನಿವಾಸಿಗಳ ಬೇಕುಬೇಡಗಳೂ ಬೆಲೆಯಿಲ್ಲದೆ ದೊರೆಯುತ್ತವೆ. ಅಮೆರಿಕದ ಮನೆಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವೆಂದರೆ ಗೋಡೆಗಳ ಒಳಗೆ ಅಡಗಿರುವ ಕೋಯಾಕ್ಸಿಯಲ್ ಕೇಬಲ್. ನಡುವೆ ಒಂದು ಲೋಹದ ಎಳೆ, ಅದರ ಸುತ್ತ ನಿರೋಧಕ, ಅದರ ಮೇಲೆ ಲೋಹದ ಹೆಣಿಗೆ, ಹೊರಗೆ ಪ್ಲಾಸ್ಟಿಕ್ಕಿನ ಕವಚ. ಬಾಳೆಯ ದಿಂಡಿನಂತೆ ಪದರಪದರವಾದ ರಚನೆ. ಇಂಗ್ಲೆಂಡಿನ ಆಲಿವರ್ ಹೆವಿಸೈಡನು 1880ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದನು. 1948ರ ಸುಮಾರಿಗೆ ಅಮೆರಿಕದ ಕೆಲವು ಊರುಗಳಲ್ಲಿ ಎತ್ತರದ ಸ್ಥಳದಲ್ಲಿ ಆಂಟೆನಾ ನಿಲ್ಲಿಸಿ, ಟೆಲಿವಿಷನ್ ಸಂಕೇತಗಳನ್ನು ತಂತಿಯ ಮೂಲಕ ಮನೆಮನೆಗೆ ಹಂಚುವ ಪದ್ಧತಿ ಮೊದಲಾಯಿತು. ಅಂತರ್ಜಾಲವೂ ಅದೇ ತಂತಿಯಲ್ಲಿ ಹರಿಯಲು 1997ರಲ್ಲಿ ಡಾಕ್ಸಿಸ್ ಎಂಬ ಸಮಾನ ನಿಯಮಾವಳಿ ಸಿದ್ಧವಾಯಿತು.

ಟೆಲಿವಿಷನ್ನಿಗೆ ಸಂಕೇತವು ಬಂದರೆ ಸಾಕು. ಅಂತರ್ಜಾಲಕ್ಕಾದರೋ ಅದು ಹೋಗಲೂ ಬೇಕು. ತೊಡಕಿನ ಮೂಲ ಇಲ್ಲಿದೆ.

ನ್ಯೂ ಜೆರ್ಸಿಯಲ್ಲಿ ಇಂಥ ಮನೆಯೊಂದನ್ನು ಕೊಂಡ ಕನ್ನಡ ಕುಟುಂಬವಿತ್ತು. ಮೈಸೂರಿನ ಅಜ್ಜಿ ಭಾನುವಾರ ರಾತ್ರಿ ಊಟ ಮುಗಿಸಿ ಮೊಮ್ಮಗನೊಡನೆ ಮಾತಿಗೆ ಕುಳಿತರೆ, ಅರ್ಧ ವಾಕ್ಯದಲ್ಲಿಯೇ ಹುಡುಗನ ಮುಖ ಪರದೆಯ ಮೇಲೆ ಕಲ್ಲಾಗುತ್ತಿತ್ತು. ತನ್ನ ಫೋನೇ ಕೆಟ್ಟಿತೆಂದು ಬಗೆದು ಆಕೆ ಮಾತನ್ನು ಮೊಟಕುಗೊಳಿಸತೊಡಗಿದರು. ಮನೆಯ ಯಜಮಾನನು ಎಲ್ಲರಂತೆ ಮೊದಲು ಹೊಸ ಮೋಡೆಮ್ ತಂದನು. ಫಲವಾಗಲಿಲ್ಲ.

ದೋಷವನ್ನು ಹುಡುಕಲು ಸರಿಯಾದ ಸ್ಥಳ ತಂತಿಯು ಮನೆಯನ್ನು ಪ್ರವೇಶಿಸುವ ಬಾಗಿಲು. ಮೋಡೆಮನ್ನು ಅಲ್ಲಿಗೇ ನೇರವಾಗಿ ಜೋಡಿಸಿದಾಗ ಸಂಪರ್ಕ ಚೆನ್ನಾಗಿದ್ದರೆ ಹೊರಗಿನ ತಂತಿ ನಿರಪರಾಧಿ. ಇಲ್ಲವಾದರೆ ಅದನ್ನು ಸರಿಪಡಿಸುವುದು ಕಂಪೆನಿಯ ಕೆಲಸ. ಇಲ್ಲಿ ಸಂಪರ್ಕ ಚೆನ್ನಾಗಿತ್ತು. ನೆಲಮಾಳಿಗೆಯ ಮೂಲೆಯಲ್ಲಿ ಸ್ಪ್ಲಿಟರಿನ ಕೆಳಗೊಂದು ಸ್ಪ್ಲಿಟರು, ಅದರ ಕೆಳಗೆ ಇನ್ನೊಂದು ತೂಗುತ್ತಿದ್ದವು. ಎರಡು ಕವಲಿನ ಸ್ಪ್ಲಿಟರು ಪ್ರತಿಯೊಂದು ಕವಲಿಗೂ ಅರ್ಧಕ್ಕಿಂತ ಕಡಿಮೆ ಶಕ್ತಿಯನ್ನು ಉಳಿಸುತ್ತದೆ. ಅದರಡಿ ಮತ್ತೊಂದು ಬಂದರೆ ಕಾಲುಭಾಗವೂ ಉಳಿಯದು. ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಮಲಗುವ ಕೋಣೆಗೆ, ಅಡುಗೆಮನೆಗೆ ಟೆಲಿವಿಷನ್ ಬಯಸಿದ್ದರು. ಅವರು ಹೊರಟುಹೋದರು, ಕವಲುಗಳು ಉಳಿದವು. ಏನೂ ಜೋಡಿಸದೆ ಬಿಟ್ಟ ತುದಿಗಳಿಂದ ಸಂಕೇತವು ಪ್ರತಿಫಲಿಸಿ ಹಿಂದಿರುಗುತ್ತದೆ. ಸಡಿಲವಾದ, ಕಿಲುಬು ಹಿಡಿದ ಜೋಡಣೆಗಳಿಂದ ಹೊರಗಿನ ಗದ್ದಲ ಒಳನುಗ್ಗುತ್ತದೆ.

ಯಾವ ತಂತಿ ಯಾವ ಕೋಣೆಯದೆಂದು ತಿಳಿಯಲು ಸಣ್ಣದೊಂದು ಪರೀಕ್ಷಕ ಸಾಕು, ಆದರೆ ಇಬ್ಬರು ಬೇಕು. ತಂದೆ ಕೆಳಗೆ ನಿಂತು ಕೂಗುವುದು, ಮಗ ಮೇಲೆ ಕೋಣೆಯಿಂದ ಕೋಣೆಗೆ ಓಡುವುದು—ಮಧ್ಯಾಹ್ನವೆಲ್ಲ ಇದೇ ನಡೆಯಿತು. ಹುಡುಗನಿಗೆ ಅದಕ್ಕಿಂತ ಒಳ್ಳೆಯ ಆಟ ಬೇರೆ ಸಿಕ್ಕಿರಲಾರದು. ಕೊನೆಗೆ ಮೋಡೆಮಿಗೆ ನೇರವಾದ ಒಂದೇ ತಂತಿ ಉಳಿಯಿತು, ಸ್ಪ್ಲಿಟರುಗಳೆಲ್ಲ ಕಳಚಿದವು. ಯಾವ ಕೋಣೆಗೂ ಓಗೊಡದ ತಂತಿಯೊಂದಿತ್ತು. ಯಜಮಾನನು ಅದನ್ನು ಕತ್ತರಿಸಲಿಲ್ಲ. ಮುಂದೆ ಈ ಮನೆಯನ್ನು ಕೊಳ್ಳುವವರಿಗೆ ತಿಳಿಯಲೆಂದು, ‘ಎಲ್ಲಿಗೆ ಹೋಗುವುದೋ ಗೊತ್ತಿಲ್ಲ’ ಎಂದು ಬರೆದ ಚೀಟಿಯೊಂದನ್ನು ಅದಕ್ಕೆ ಕಟ್ಟಿದನು.