ಕಾವು

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನಾನಾಗ ಎಂಜಿನಿಯರಿಂಗ್ ವಿದ್ಯಾರ್ಥಿ. ಬೇಸಗೆಯ ರಜೆಗೆ ಊರಿಗೆ ಬಂದಾಗ, ಅಜ್ಜಿ ಕಾವಿಗೆ ಕೂರಿಸಬೇಕೆಂದಿದ್ದ ಕೋಳಿಯನ್ನು ನರಿ ಹೊತ್ತೊಯ್ದಿತ್ತು. ಬುಟ್ಟಿಯಲ್ಲಿ ಹತ್ತು ಮೊಟ್ಟೆಗಳು ಉಳಿದಿದ್ದವು. ಅಜ್ಜಿಯ ಪಾಲಿಗೆ ಅವು ಬರಿಯ ಮೊಟ್ಟೆಗಳಲ್ಲ. ಮುಂದಿನ ವರ್ಷದ ಉಪ್ಪು, ಎಣ್ಣೆಯ ಖರ್ಚು. "ಚಿಂತೆ ಬೇಡ ಅಜ್ಜಿ, ಕೋಳಿಯ ಕೆಲಸವನ್ನು ವಿದ್ಯುದ್ದೀಪದಿಂದ ಮಾಡಿಸುತ್ತೇನೆ" ಎಂದು ಜಂಬದಿಂದ ನುಡಿದೆ.

ಮರದ ಪೆಟ್ಟಿಗೆಯೊಂದರಲ್ಲಿ ಬಲ್ಬನ್ನು ತೂಗುಹಾಕಿ, ಅದರ ಬೆಳಕನ್ನು ಏರಿಳಿಸುವ ತಿರುಗುಗುಂಡಿಯನ್ನು ಜೋಡಿಸಿದೆ. ಕೋಳಿಮೊಟ್ಟೆ ಮರಿಯಾಗಲು ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಉಷ್ಣತೆ 21 ದಿನ ಬೇಕು. ಉಷ್ಣತೆ ಕಡಿಮೆಯೆಂದು ಕಂಡೊಡನೆ ಗುಂಡಿಯನ್ನು ಪೂರ್ತಿ ತಿರುಗಿಸಿದೆ. 37.5 ಮುಟ್ಟಿದೊಡನೆ ದೀಪವಾರಿಸಿದೆ. ಆದರೆ ಪಾದರಸ ನಿಲ್ಲಲಿಲ್ಲ, 41ರವರೆಗೂ ಏರಿತು. ಗಾಬರಿಯಿಂದ ಪೆಟ್ಟಿಗೆಯ ಮುಚ್ಚಳ ತೆರೆದೆ, ಬಹಳ ಕೆಳಗಿಳಿಯಿತು. ಹೀಗೆ ಹಲವು ರಾತ್ರಿ ಉಷ್ಣತೆಯ ಬೆನ್ನು ಹತ್ತಿ ಓಡಿದೆ. ಇಪ್ಪತ್ತೊಂದು ದಿನ ಕಳೆದರೂ ಒಂದು ಮೊಟ್ಟೆಯೂ ಒಡೆಯಲಿಲ್ಲ.

ಅಜ್ಜಿ ಬೈಯಲಿಲ್ಲ. ಬಚ್ಚಲೊಲೆಯ ಮುಂದೆ ಕುಳಿತು, ಹಂಡೆಯ ನೀರು ಕಾಯುವ ಮೊದಲೇ ಕೊಳ್ಳಿಯನ್ನು ಹಿಂದಕ್ಕೆಳೆಯುತ್ತಾ ಹೇಳಿದಳು: "ನೀರು ಕಾದ ಮೇಲೆ ಉರಿ ತೆಗೆದರೆ ತಡವಾಯಿತು ಮಗು. ಈ ಹಂಡೆಯ ಗುಣ ನನಗೆ ಗೊತ್ತು. ನಿನ್ನ ಪೆಟ್ಟಿಗೆಯ ಗುಣ ನಿನಗೆ ಗೊತ್ತೇ?"

ಆ ಪ್ರಶ್ನೆಯನ್ನು ಹೊತ್ತು ಕಾಲೇಜಿಗೆ ಮರಳಿದೆ. ಅಮೆರಿಕದ ಝೀಗ್ಲರ್ ಮತ್ತು ನಿಕೋಲ್ಸ್ ಎಂಬ ಇಬ್ಬರು ಎಂಜಿನಿಯರುಗಳು 1942ರಲ್ಲಿ ಇದೇ ಪ್ರಶ್ನೆಗೆ ಉತ್ತರ ಬರೆದಿದ್ದರೆಂಬುದು ಗ್ರಂಥಾಲಯದಲ್ಲಿ ತಿಳಿಯಿತು. ಒಂದು ವ್ಯವಸ್ಥೆಯನ್ನು ಆಳುವ ಮೊದಲು ಅದನ್ನು ಒಮ್ಮೆ ತಟ್ಟಿ, ಅದು ಹೇಗೆ ಓಗೊಡುತ್ತದೆಂಬುದನ್ನು ಸುಮ್ಮನೆ ನೋಡಬೇಕು. ಇದು ಅವರ ವಿಧಾನದ ಸಾರ.

ಮೊಟ್ಟೆಗಳ ಬದಲು ನೀರು ತುಂಬಿದ ಸಣ್ಣ ಸೀಸೆಗಳನ್ನಿಟ್ಟು, ದೀಪವನ್ನು ಅರ್ಧ ಶಕ್ತಿಗೆ ಏರಿಸಿ, ಕೈಕಟ್ಟಿ ಕುಳಿತೆ. ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಂಡೆ. ಮೊದಲ 2 ನಿಮಿಷ ಪಾದರಸ ಮಿಸುಕಲೇ ಇಲ್ಲ. ಅನಂತರ ಬೇಗ ಬೇಗ, ಆಮೇಲೆ ನಿಧಾನವಾಗಿ ಏರಿ, 25 ಡಿಗ್ರಿಯಿಂದ 45ಕ್ಕೆ ಬಂದು ನಿಂತಿತು. ಏರಿಕೆ ಆರಂಭವಾದ 18 ನಿಮಿಷಗಳಲ್ಲಿ ಒಟ್ಟು ಏರಿಕೆಯ ಶೇಕಡಾ 63ರಷ್ಟು ಮುಗಿದಿತ್ತು. 2 ನಿಮಿಷದ ವಿಳಂಬ, 18 ನಿಮಿಷದ ಕಾಲಮಾನ, 20 ಡಿಗ್ರಿಯ ಏರಿಕೆ: ಈ ಮೂರು ಸಂಖ್ಯೆಗಳೇ ನನ್ನ ಪೆಟ್ಟಿಗೆಯ ಜಾತಕ. ನಾನು ಅಟ್ಟಿಸಿಕೊಂಡು ಹೋಗಿದ್ದುದು ಉಷ್ಣತೆಯನ್ನಲ್ಲ, ಎರಡು ನಿಮಿಷ ಹಳೆಯದಾದ ಸುದ್ದಿಯನ್ನು ಎಂದು ಆಗ ಅರಿವಾಯಿತು.

ವಿಳಂಬ ಹೆಚ್ಚಿದ್ದಷ್ಟೂ ತಿದ್ದುವ ಕೈ ಮೃದುವಾಗಿರಬೇಕು ಎನ್ನುತ್ತದೆ ಅವರ ಸೂತ್ರ. ಅದರ ಪ್ರಕಾರ ಒಂದು ಡಿಗ್ರಿ ಕೊರತೆಗೆ ದೀಪದ ಶಕ್ತಿಯನ್ನು ಶೇಕಡಾ 20ರಷ್ಟು ಹೆಚ್ಚಿಸಬಹುದಿತ್ತು. ಆ ಸೂತ್ರ ತುಸು ಆತುರದ್ದು. ಗುರಿಯನ್ನು ದಾಟಿ ಓಲಾಡಿಯೇ ನೆಲೆಗೊಳ್ಳುತ್ತದೆ. ಮೊಟ್ಟೆಗಳನ್ನು ನೆನೆದು ನಾನು ಶೇಕಡಾ 10ಕ್ಕೆ ಇಳಿಸಿದೆ. ಉಳಿದುಹೋಗುವ ಚಿಕ್ಕ ಕೊರತೆಯನ್ನು ಮೆಲ್ಲಗೆ ಕೂಡಿಸುತ್ತಾ ಹೋಗಿ ಸರಿಪಡಿಸುವ ಏರ್ಪಾಡನ್ನೂ ಸೇರಿಸಿದೆ. ಗುರುಗಳ ನೆರವಿನಿಂದ ಇವೆಲ್ಲವನ್ನೂ ತಾನಾಗಿಯೇ ಮಾಡುವ ಪುಟ್ಟ ನಿಯಂತ್ರಕವೊಂದು ಸಿದ್ಧವಾಯಿತು.

ದಸರೆಯ ರಜೆಯಲ್ಲಿ ಪೆಟ್ಟಿಗೆ ಮತ್ತೆ ಊರಿಗೆ ಬಂತು. ಅಜ್ಜಿ ಒಂದು ಕ್ಷಣ ತಡೆದು, ಮತ್ತೆ ಹತ್ತು ಮೊಟ್ಟೆಗಳನ್ನು ನನ್ನ ಕೈಗಿತ್ತಳು. ಆ ನಂಬಿಕೆಯ ಭಾರ ನನಗೆ ಗೊತ್ತಿತ್ತು. ಪಾದರಸ 38ನ್ನು ಮುಟ್ಟಿ, ಹಿಂದಿರುಗಿ, 37.5ರಲ್ಲಿ ನೆಲೆಸಿತು. ರಜೆ ಮುಗಿದಾಗ ನಾನು ಹೊರಡಲೇಬೇಕಾಯಿತು. ಬಟ್ಟಲಿಗೆ ನೀರು ತುಂಬುವುದು, ದಿನಕ್ಕೆ ಮೂರು ಬಾರಿ ಮೊಟ್ಟೆಗಳನ್ನು ಹೊರಳಿಸುವುದು ಅಜ್ಜಿಯ ಪಾಲಿಗೆ ಬಂತು.

ಕೆಲವು ದಿನಗಳ ಮೇಲೆ ಅಜ್ಜಿ ನೆರೆಮನೆಯ ಹುಡುಗನಿಂದ ಬರೆಸಿದ ಕಾಗದ ಬಂತು. "ಏಳು ಮರಿಗಳಾಗಿವೆ. ನಿನ್ನ ಪೆಟ್ಟಿಗೆ ಈಗ ಕೋಳಿಯಂತೆ ಸುಮ್ಮನೆ ಕೂರಲು ಕಲಿತಿದೆ."

ಕಲಿತದ್ದು ಪೆಟ್ಟಿಗೆಯಲ್ಲ, ನಾನು. ಆದರೆ ಅದನ್ನು ಅಜ್ಜಿಗೆ ಬರೆದು ತಿಳಿಸುವ ಅಗತ್ಯವಿರಲಿಲ್ಲ.